ಮೋರಟಗಿಯ ಜಾಲಿಯ ಬೇರು

ಮರಗಳು ವಿರಳವಾಗಿರುವ ನಾಡಿನಲ್ಲಿ ಒಂದು ತುಂಡು ಕಟ್ಟಿಗೆಯನ್ನು ಆರಿಸುವದಕ್ಕಾಗಿ ಮೂರು ದಿನ ಅಲೆದ ವೃತ್ತಾಂತವಿದು. ಸಿಂದಗಿಯಿಂದ ಜೇವರಗಿಯ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಮೋರಟಗಿಯೆಂಬ ಊರಿರುವದು. ವಿಜಯಪುರ ಜಿಲ್ಲೆಯ ಈ ಪೂರ್ವಭಾಗವು ಎರೆಯ ಸೀಮೆ. ಬಿಳಿಜೋಳವು ತೆನೆಗಟ್ಟಿ ನಿಂತ ಮಾಘಮಾಸದಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವನಿಗೆ ಭೂಮಿಯು ಆಕಾಶದ ಅಂಚಿನವರೆಗೆ ಒಂದೇ ಹಾಸಾಗಿ ತೋರುವದು. ನಡುನಡುವೆ ಹೊಲದ ಬದುವಿನಲ್ಲಿ ಒಂದು ಬೇವು, ಹಳ್ಳದ ದಂಡೆಗೆ ನಾಲ್ಕು ಜಾಲಿ, ಗುಡಿಯ ಮುಂದೆ ಒಂದು ಬನ್ನಿ, ಇಷ್ಟೇ ವೃಕ್ಷಸಂಪತ್ತು. ಮಲೆನಾಡಿನವನು ಇದನ್ನು ಬಟ್ಟಬಯಲೆಂದು ಕರೆದು ಮುಖ ತಿರುವಿಯಾನು. ಆದರೆ ಮರಗಳು ಕಡಿಮೆಯಿರುವಲ್ಲಿ ಒಂದೊಂದು ಮರಕ್ಕೂ ಗುರುತಿರುತ್ತದೆ. ಇದು ಯಾರ ಬೇವು, ಅದು ಯಾವ ಹಳ್ಳದ ಜಾಲಿ ಎಂಬದನ್ನು ಊರಿನ ಹಿರಿಯರು ತಡವರಿಸದೆ ಹೇಳುವರು. ಈ ಸಂಗತಿಯು ನಮಗೆ ಮುಂದೆ ಬಹಳ ಉಪಯೋಗಕ್ಕೆ ಬಂದಿತು.

ಮೋರಟಗಿ ನನ್ನ ಮಗಳನ್ನು ಕೊಟ್ಟ ಊರು. ಅವಳ ಮಗನು ಎಂಟನೆಯ ಇಯತ್ತೆಯಲ್ಲಿ ಓದುತ್ತಿರುವನು. ಅವನಿಗೆ ಮೀನುಗಳ ಹುಚ್ಚು. ಪೇಟೆಯವರು ‘ಅಕ್ವೇರಿಯಂ’ ಎಂದು ಕರೆಯುವ ಗಾಜಿನ ಪೆಟ್ಟಿಗೆಯೊಂದನ್ನು ಸೋದರಮಾವನಿಂದ ಕಾಡಿ ಬೇಡಿ ತರಿಸಿಕೊಂಡು, ಬಣ್ಣದ ಗಪ್ಪಿ ಮೀನುಗಳನ್ನು ಸಾಕಿದ್ದನು. ಹೋದ ಶ್ರಾವಣದಲ್ಲಿ, ಮೀನುಗಳಿಗೆ ಅಡಗಿಕೊಳ್ಳಲು ಆಸರೆ ಬೇಕೆಂದು, ಮನೆಯ ಹಿತ್ತಲಿನಿಂದ ಸೊಗಸಾಗಿ ಬಾಗಿದ ಒಂದು ಹಸಿಯ ಕೊಂಬೆಯನ್ನು ಮುರಿದು ನೀರಿನಲ್ಲಿ ನೆಟ್ಟನಂತೆ. ಮರುದಿನ ಬೆಳಿಗ್ಗೆ ನೋಡಿದರೆ ಎಲ್ಲ ಮೀನುಗಳೂ ಹೊಟ್ಟೆಯನ್ನು ಮೇಲೆ ಮಾಡಿ ತೇಲುತ್ತಿದ್ದವು. ಅಂದಿನಿಂದ ಹುಡುಗನು ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ಅವನ ತಾಯಿ ಅದರಲ್ಲಿ ತೊಗರಿಬೇಳೆ ತುಂಬಿಡಬೇಕೆಂದು ಯೋಚಿಸಿದ್ದಳು. ನಾನು ಹೋದ ದಿನ ಸಂಜೆ ಅವನು ಮೆಲ್ಲನೆ ಬಳಿಗೆ ಬಂದು, “ಮುತ್ಯಾ, ಮೀನ ನಾನs ಕೊಂದೆ ಅಂತಾರ. ಹೌದೇನು?” ಎಂದು ಕೇಳಿದನು. ಇಂಥ ಪ್ರಶ್ನೆಗೆ ಅಲ್ಲವೆಂದು ಒಮ್ಮೆಲೇ ಹೇಳಿ ಸಂತೈಸುವದು ಸುಲಭ. ಆದರೆ ಕಾರಣವನ್ನು ತಿಳಿಯದ ಸಮಾಧಾನವು ಹುಡುಗರಿಗೆ ನಿಲ್ಲುವದಿಲ್ಲ. ಆ ಕೊಂಬೆ ಯಾವ ಗಿಡದ್ದೆಂದು ಕೇಳಿದೆ. “ಕೆಂಪು ಹೂವಿನ ಗಿಡ” ಎಂದನು. ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದನು. ಅದು ಕಣಗಿಲೆ.

ಸಂಸ್ಕೃತದಲ್ಲಿ ಕಣಗಿಲೆಗೆ ಕರವೀರವೆಂದು ಹೆಸರು. ದೇವರ ಪೂಜೆಗೆ ಸಲ್ಲುವ ಹೂವು. ಆದರೆ ಅಮರಕೋಶದ ವನೌಷಧಿವರ್ಗದಲ್ಲಿ ಅದಕ್ಕೆ ‘ಹಯಮಾರಕ’ವೆಂಬ ಇನ್ನೊಂದು ಹೆಸರುಂಟು, ಎಂದರೆ ಕುದುರೆಯನ್ನು ಕೊಲ್ಲುವದು. ಎಲೆ, ತೊಗಟೆ, ಕಾಂಡ, ಬೇರು ಹೀಗೆ ಅದರ ಸರ್ವಾಂಗದಲ್ಲಿಯೂ ಹೃದಯದ ಬಡಿತವನ್ನು ಕೆಡಿಸುವ ವಿಷವಿರುವದು. ಕುದುರೆಯನ್ನು ಕೆಡವುವ ರಸವು ಒಂದು ಬೊಗಸೆಯ ನೀರಿನಲ್ಲಿರುವ ಅಂಗುಲದ ಮೀನನ್ನು ಬಿಟ್ಟೀತೆ? ನಾನು ಮೂವತ್ತು ವರ್ಷ ಶಾಲೆಯಲ್ಲಿ ಹುಡುಗರಿಂದ ಅಮರವನ್ನು ಬಾಯಿಪಾಠ ಮಾಡಿಸಿದವನು. ಪರೀಕ್ಷೆಗಾಗಿ ಉರುಹೊಡೆದ ಆ ಹೆಸರುಗಳಲ್ಲಿ ಇಂಥ ಎಚ್ಚರಿಕೆಗಳು ಅಡಗಿರುವವೆಂಬದನ್ನು ಮೊಮ್ಮಗನಿಗೆ ಆ ಹಿತ್ತಲಲ್ಲಿ ನಿಂತು ಹೇಳಿದೆ. “ಹಂಗಾದ್ರ ಹೆಸರು ಗೊತ್ತಿದ್ರ ಸಾಯ್ತಿರಲಿಲ್ಲ” ಎಂದನು. ಅದು ನಿಜ. ಕೂಡಲೆ ಇಬ್ಬರೂ ಸೇರಿ ಒಂದು ಕರಾರು ಮಾಡಿಕೊಂಡೆವು: ಪೆಟ್ಟಿಗೆಗೆ ಮತ್ತೆ ನೀರು ತುಂಬಬೇಕು, ಅದರಲ್ಲಿ ಜಲಸಸ್ಯಗಳನ್ನು ಬೆಳೆಸಬೇಕು, ಕಟ್ಟಿಗೆಯನ್ನೂ ಇಡಬೇಕು, ಆದರೆ ಹೆಸರರಿಯದ ಕಟ್ಟಿಗೆಯನ್ನು ಮಾತ್ರ ಇಡಕೂಡದು.

ನೀರಿನಲ್ಲಿ ಕಟ್ಟಿಗೆಯೇಕೆಂದು ವಾಚಕರು ಕೇಳಬಹುದು. ಕೆರೆಹೊಳೆಗಳಲ್ಲಿ ಬಿದ್ದ ಮರ, ಚಾಚಿದ ಬೇರು ಇವೇ ಮೀನಿನ ಮನೆ. ಅದಲ್ಲದೆ ಕೆಲವು ಜಲಸಸ್ಯಗಳು ಮಣ್ಣಿನಲ್ಲಿ ಬೇರಿಳಿಸುವದಕ್ಕಿಂತ ಕಲ್ಲು ಕಟ್ಟಿಗೆಗಳನ್ನು ಅಪ್ಪಿ ಬೆಳೆಯುವದನ್ನೇ ಮೆಚ್ಚುವವು. ಜಪಾನದ ಛಾಯಾಚಿತ್ರಕಾರ ತಕಾಶಿ ಅಮಾನೊ (೧೯೫೪–೨೦೧೫) ಎಂಬಾತನು ಕಲ್ಲು, ಕಟ್ಟಿಗೆ, ಹಸುರು ಇಷ್ಟರಿಂದಲೇ ಗಾಜಿನೊಳಗೆ ಕಾಡು ಬೆಟ್ಟಗಳ ನೋಟವನ್ನು ತಂದು ಈ ಕಲೆಯನ್ನು ಲೋಕಪ್ರಸಿದ್ಧ ಮಾಡಿದನು. ಅವನ ಚಿತ್ರಗಳನ್ನು ನೋಡಿಯೇ ಇಂದಿನ ಹುಡುಗರು ಮರುಳಾಗುವದು. ಪೇಟೆಯ ಅಂಗಡಿಗಳಲ್ಲಿ ಇದಕ್ಕೆಂದೇ ದೂರದೇಶದ ಬೇರುಗಳನ್ನು ಮಾರುವರು. ಕೊಳ್ಳುವ ಅನುಕೂಲವುಳ್ಳವರು ಕೊಳ್ಳಲಿ. ಆದರೆ ಊರಿನಲ್ಲಿ ಸಿಕ್ಕುವದನ್ನು ಗುರುತಿಸಲಾರದೆ ಕೊಳ್ಳುವದು ನನಗೆ ಅಷ್ಟೇನೂ ಗೌರವದ ಸಂಗತಿಯಾಗಿ ಕಾಣಲಿಲ್ಲ.

ಕಟ್ಟಿಗೆಯನ್ನು ಆರಿಸುವ ಶಾಸ್ತ್ರವು ನಮ್ಮಲ್ಲಿ ಹಳೆಯದು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವನಸಂಪ್ರವೇಶವೆಂಬ ಅಧ್ಯಾಯವಿರುವದು. ದೇವತಾಪ್ರತಿಮೆಗೆ ಮರವನ್ನು ಆರಿಸುವವನು ಯಾವ ಮರಗಳನ್ನು ಬಿಡಬೇಕೆಂದು ಅಲ್ಲಿ ಹೇಳಿದೆ. ಸ್ಮಶಾನದ್ದು, ದಾರಿಯ ಬದಿಯದು, ಹೊಳೆಗಳು ಕೂಡುವಲ್ಲಿಯದು, ಗೂನುಬಿದ್ದದ್ದು, ತಾನಾಗಿ ಬಿದ್ದದ್ದು, ಒಣಗಿದ್ದು ಇವೆಲ್ಲ ವರ್ಜ್ಯ. ಮೀನಿನ ಪೆಟ್ಟಿಗೆಗೆ ಹೊರಟ ನಮಗೆ ಬೇಕಾದದ್ದಾದರೂ ಇದರಲ್ಲಿಯ ಬಹುಭಾಗವೇ! ಗೂನುಬಿದ್ದು ಬಾಗಿರಬೇಕು, ತಾನಾಗಿ ಬಿದ್ದಿರಬೇಕು, ಸಂಪೂರ್ಣವಾಗಿ ಒಣಗಿರಬೇಕು. ಆಚಾರ್ಯನಿಗೆ ಜೀವಕಳೆಯುಳ್ಳ ಮರ ಬೇಕಾಗಿತ್ತು. ನಮಗೆ ತನ್ನ ರಸವನ್ನೆಲ್ಲ ಕಳೆದುಕೊಂಡು ನಿಶ್ಚಿಂತವಾದ ಮರ ಬೇಕಾಗಿತ್ತು. ಹಸಿಯ ಕಟ್ಟಿಗೆಯೊಳಗಿನ ರಸ ಸಕ್ಕರೆಗಳು ನೀರಿಗಿಳಿದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನುಂಡು ಹೆಚ್ಚಿ, ನೀರಿನಲ್ಲಿಯ ಪ್ರಾಣವಾಯುವನ್ನು ತೀರಿಸಿಬಿಡುವವು. ವಿಷವಿಲ್ಲದ ಮರವಾದರೂ ಹಸಿಯಿದ್ದರೆ ಮೀನು ಉಸಿರುಗಟ್ಟಿ ಸಾಯುವದು ಹೀಗೆಯೇ. ಟೊಳ್ಳಾಗಿ ಕೊಳೆತದ್ದರಿಂದಲೂ ಇದೇ ಅಪಾಯ. ಉಗುರು ಊರಿದರೆ ಒಳಗಿಳಿಯುವ ಕಟ್ಟಿಗೆಯನ್ನು ಒಲೆಗೆ ಹಾಕುವದು ಲೇಸು.

ಮೊದಲನೆಯ ದಿನ ಬೇಲಿಬದುಗಳನ್ನು ಸುತ್ತಿದೆವು. ಹುಡುಗನ ಕೈಯಲ್ಲಿ ಒಂದು ವಹಿ. ಕಂಡ ಗಿಡದ ಹೆಸರು ಬರೆಯುವದು, ಮುಂದೆ ಬೇಕು ಬೇಡವೆಂದು ಗುರುತು ಹಾಕುವದು. ಕಳ್ಳಿ, ಎಕ್ಕೆ: ಮುರಿದರೆ ಹಾಲು ಸುರಿಯುವದು, ಆ ಹಾಲು ಕಣ್ಣಿಗೇ ಕೇಡು, ಬೇಡ. ಆಲ, ಬಸರಿಗಳೂ ಹಾಲಿನ ಜಾತಿಯವು; ಹಸಿಯಲ್ಲಂತೂ ಬೇಡ. ಬೇವು: ಹೊಲಕ್ಕೆ ಹುಳ ಕೊಲ್ಲಲು ಯಾವದರ ಕಷಾಯ ಹೊಡೆಯುವರೋ ಅದನ್ನು ಮೀನಿನ ಮನೆಯಲ್ಲಿ ಇಡುವದೇತಕ್ಕೆ? ಹೊಂಗೆ ಎಂಬ ಕರಂಜದ ವಿಷಯದಲ್ಲಿ ಹೆಚ್ಚು ವಿಚಾರವೇ ಬೇಡ; ಅದರ ಬೀಜ ತೊಗಟೆಗಳನ್ನು ಅರೆದು ಮಡುವಿನಲ್ಲಿ ಕದಡಿ ಮೀನುಗಳಿಗೆ ಮಂಪರು ಬರಿಸಿ ಹಿಡಿಯುವ ಕ್ರಮವು ನಮ್ಮ ದೇಶದಲ್ಲಿ ಹಿಂದಿನಿಂದ ಇರುವದು. ಸಂಸ್ಕೃತದಲ್ಲಿ ಮದನವೆನಿಸಿಕೊಂಡ ಕಾರೆಯ ಕಾಯಿಗೂ ಇದೇ ಕೀರ್ತಿ. ಬನ್ನಿಯ ಕಟ್ಟಿಗೆಯು ಗಟ್ಟಿಯಾದದ್ದೇ. ಆದರೆ ದಸರೆಯ ದಿನ ಯಾವದರ ಎಲೆಯನ್ನು ಬಂಗಾರವೆಂದು ಕೈಕೈಗೆ ಕೊಟ್ಟು ನಮಸ್ಕರಿಸುವೆವೋ ಆ ಮರಕ್ಕೆ ಉಳಿ ಹಚ್ಚಲು ಮನಸ್ಸಾಗಲಿಲ್ಲ. ಹುಡುಗನು ತಾನಾಗಿಯೇ ಬೇಡವೆಂದು ಬರೆದುಕೊಂಡನು.

ರಸ್ತೆಯ ಎರಡೂ ಬದಿಗೆ ದಟ್ಟವಾಗಿ ಹಬ್ಬಿದ್ದು ಬಳ್ಳಾರಿ ಜಾಲಿ. ಕಡಿದಷ್ಟೂ ಚಿಗುರುವ ಈ ಅತಿಥಿಯು ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೇರಿಕ ಖಂಡದಿಂದ ಬಂದು ನೆಲೆಯೂರಿದ್ದು. ನಮ್ಮ ಕೋಶಗಳಲ್ಲಿ ಇದಕ್ಕೆ ಹೆಸರಿಲ್ಲ, ಸಾಕ್ಷಿಯಿಲ್ಲ. ಇದರ ಎಲೆಗಳು ಬಿದ್ದಲ್ಲಿ ಬೇರೆ ಸಸಿಗಳು ಏಳಲಾರವೆಂಬದನ್ನು ಒಕ್ಕಲಿಗರು ಬಲ್ಲರು. ಬೇಕಾದಷ್ಟು ಸಿಕ್ಕುವದೆಂಬ ಒಂದೇ ಗುಣಕ್ಕಾಗಿ ಅದನ್ನು ಒಪ್ಪುವ ಕಾರಣ ನನಗೆ ತೋರಲಿಲ್ಲ.

ತೋಟದಲ್ಲಿ ಒಂದು ಪ್ರಲೋಭನವು ಕಾದಿತ್ತು. ದಾಳಿಂಬೆ, ಲಿಂಬೆಗಳ ಸವರಿದ ಕೊಂಬೆಗಳು ಬದುವಿನಲ್ಲಿ ರಾಶಿಯಾಗಿ ಬಿದ್ದಿದ್ದವು. ಒಣಗಿದವು, ಗಟ್ಟಿಯಾದವು, ಆಕಾರವಂತೂ ಚಿತ್ರ ಬರೆದಂತೆ. ತೋಟದ ಒಡೆಯರು ಎಷ್ಟು ಬೇಕಾದರೂ ಒಯ್ಯಿರೆಂದರು. ಈ ಗಿಡಗಳಿಗೆ ಏನೇನು ಸಿಂಪಡಿಸುವಿರೆಂದು ಕೇಳಿದೆ. ಅವರು ಹೇಳಿದ ಔಷಧಿಗಳ ಹೆಸರನ್ನು ಹುಡುಗನು ಬರೆಯುತ್ತ ಬರೆಯುತ್ತ ಒಂದು ಪುಟ ಮುಗಿಸಿದನು. ಅದರಲ್ಲಿ ಮೈಲುತುತ್ತವೂ ಇತ್ತು. ಮೈಲುತುತ್ತವೆಂದರೆ ತಾಮ್ರದ ಲವಣ. ಸುಣ್ಣದೊಡನೆ ಕೂಡಿಸಿ ಬೂಷ್ಟಿನ ರೋಗಕ್ಕೆ ಹೊಡೆಯುವರು. ಮರ ಯಾವದೆಂದು ತಿಳಿದರಷ್ಟೇ ಸಾಲದು, ಅದು ಹೇಗೆ ಬದುಕಿತ್ತೆಂಬದೂ ತಿಳಿಯಬೇಕು. ಪೇರಲವು ಸ್ವಭಾವದಿಂದ ನಿರಪಾಯವಾದದ್ದು. ಮನೆಯ ಹಿತ್ತಲಲ್ಲಿ ಯಾವ ಔಷಧಿಯನ್ನೂ ಕಾಣದೆ ಬೆಳೆದ ಪೇರಲದ ಒಣಕೊಂಬೆ ಸಿಕ್ಕಿದರೆ ಧಾರಾಳವಾಗಿ ಉಪಯೋಗಿಸಬಹುದು. ಮಾರುವ ತೋಟದ್ದು ಬೇಡ.

ಎರಡನೆಯ ದಿನ ಭೀಮೆಯ ದಂಡೆಗೆ ಹೋಗಬೇಕೆಂದು ಹುಡುಗನ ಹಟ. ದೇವಣಗಾಂವದ ಬಳಿ ಇಳಿದೆವು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ ಬರುವ ಈ ನದಿಯು ಮಾಘದಲ್ಲಿ ಶಾಂತವಾಗಿರುವದು. ೨೦೨೦ನೆಯ ಇಸವಿಯ ಅಕ್ಟೋಬರದಲ್ಲಿ ಅದು ಉಕ್ಕಿ ಬಂದು ದಂಡೆಯ ಊರುಗಳನ್ನು ನೀರಿನಲ್ಲಿ ನಿಲ್ಲಿಸಿದ್ದನ್ನು ಜನರು ಇನ್ನೂ ಮರೆತಿಲ್ಲ. ಹೊಳೆ ತಂದು ಒಗೆದ ಕಟ್ಟಿಗೆಗಳು ಅಲ್ಲಲ್ಲಿ ಮಳಲಿನಲ್ಲಿ ಹೂತಿದ್ದವು. ನೀರು ಉಜ್ಜಿ ನಯಮಾಡಿದ ಒಂದು ಬೊಡ್ಡೆಯನ್ನು ಹುಡುಗನು ಅಪ್ಪಿಕೊಂಡೇ ನಿಂತನು. ನೋಡಲು ಬಹಳ ಚೆಲುವಾಗಿತ್ತು. ಆದರೆ ಅದು ಯಾವ ಮರ, ಯಾವ ಊರಿನ ಹಿತ್ತಲಿನದು, ಬಣ್ಣ ಡಾಂಬರುಗಳನ್ನು ಉಂಡ ತೊಲೆಯೋ ಕಾಡಿನ ಕೊರಡೋ, ಹೇಳುವವರಾರು? ಅಲ್ಲಿಯೇ ಕಟ್ಟಿಗೆ ಆರಿಸುತ್ತಿದ್ದ ಮುದುಕಿಯೊಬ್ಬಳು, “ಒಲೀಗೆ ಆದ್ರ ಯಾವ ಗಿಡಾ ಇದ್ರೂ ನಡೀತೈತಿ, ಯಪ್ಪಾ” ಎಂದಳು. ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು ಬೊಡ್ಡೆಯನ್ನು ಆಕೆಯ ಹೊರೆಯ ಮೇಲೆ ತಾನೇ ಎತ್ತಿಟ್ಟನು. ಮರಳಿ ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮೂರನೆಯ ದಿನ ಬಡಿಗೇರರ ಮನೆಯ ಮುಂದೆ ನಮ್ಮ ಕೆಲಸವಾಯಿತು. ಆ ಹಿರಿಯರಿಗೆ ಎಪ್ಪತ್ತು ಮೀರಿದೆ. ಟ್ರ್ಯಾಕ್ಟರುಗಳು ಬಂದ ಮೇಲೆ ಕುಂಟೆ ಕೂರಿಗೆಗಳ ಕೆಲಸ ಕುಗ್ಗಿ, ಈಗ ಬಾಗಿಲು ಕಿಟಕಿಗಳಿಂದ ಜೀವನ. ನಮ್ಮ ಬೇಡಿಕೆಯನ್ನು ಕೇಳಿ ಅವರು ನಗಲಿಲ್ಲ. “ನೀರಾಗ ಇಡೂದಾ? ಹಂಗಾದ್ರ ಕರಿಜಾಲಿನೇ ಆಗಬೇಕ್ರಿ, ಮಾಸ್ತರ. ನೀರಿಗೆ ಅಂಜೂದಲ್ಲ ಅದು” ಎಂದರು. ಬಂಡಿಯ ಗಾಲಿ, ಕುಂಟೆಯ ದಿಂಡುಗಳನ್ನು ತಲೆಮಾರುಗಳಿಂದ ಇದೇ ಜಾಲಿಯಿಂದ ಮಾಡಿದ ಮನೆತನ ಅವರದು. ಕಡಿದ ಜಾಲಿಯನ್ನು ಹಾಗೆಯೇ ಕೆತ್ತಿದರೆ ಹುಳ ಹತ್ತುವದಂತೆ. ಆದುದರಿಂದ ದಿಮ್ಮಿಗಳನ್ನು ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ತಿಂಗಳುಗಟ್ಟಲೆ ಮುಳುಗಿಸಿಟ್ಟು, ಆ ಮೇಲೆ ನೆರಳಿನಲ್ಲಿ ಒಣಗಿಸುತ್ತಿದ್ದರು. “ಹಾಲು ಹೋಗಬೇಕ್ರಿ. ಹಾಲು ಇರೂತನಕ ಗಿಡ ಸತ್ತಿರೂದಿಲ್ಲ” ಎಂಬದು ಅವರ ಮಾತು. ಮೀನು ಸಾಕುವವರು ವಾರಗಟ್ಟಲೆ ಕಟ್ಟಿಗೆಯನ್ನು ನೆನೆಸುವದು ಇದೇ ರಸವನ್ನು ಕಳೆಯುವದಕ್ಕೆ. ಒಬ್ಬರು ಹುಳ ಹತ್ತಬಾರದೆಂದು ಮಾಡಿದರು, ಇನ್ನೊಬ್ಬರು ಮೀನು ಸಾಯಬಾರದೆಂದು ಮಾಡುವರು.

ಬಿಚ್ಚಿ ಬಿದ್ದ ಹಳೆಯ ಬಂಡಿಯೊಂದು ಅಂಗಳದಲ್ಲಿತ್ತು. ಅದರ ಕಟ್ಟಿಗೆ ಕೊಡಿರೆಂದು ಹುಡುಗನು ಕೇಳಿದ್ದಕ್ಕೆ ಹಿರಿಯರು ಗಾಲಿಯ ಗುಂಭವನ್ನು ಮೂಸಲು ಹೇಳಿದರು. ವರ್ಷಾನುವರ್ಷ ಕೀಲೆಣ್ಣೆಯನ್ನು ಕುಡಿದ ಕಟ್ಟಿಗೆಯದು; ನೀರಿಗೆ ಬಿದ್ದರೆ ಮೇಲೆ ಎಣ್ಣೆಯ ಪೊರೆ ಕಟ್ಟುವದು. ಕೊನೆಗೆ ಅವರು ನಮ್ಮನ್ನು ಊರಾಚೆಯ ಹಳ್ಳಕ್ಕೆ ಕರೆದುಕೊಂಡು ಹೋದರು. ದಂಡೆ ಕುಸಿದು ಹಲವು ವರ್ಷಗಳ ಕೆಳಗೆ ಉರುಳಿದ ಒಂದು ಜಾಲಿಯ ಬುಡವು ಅಲ್ಲಿತ್ತು. ಮೇಲಿನ ಮರವನ್ನು ಯಾರೋ ಎಂದೋ ಒಯ್ದಿದ್ದರು. ಪ್ರತಿ ಮಳೆಗಾಲವೂ ತೊಳೆದು, ಪ್ರತಿ ಬೇಸಿಗೆಯೂ ಒಣಗಿಸಿ, ತೊಗಟೆಯೆಲ್ಲ ಸುಲಿದುಹೋಗಿ, ಎಲುಬಿನಂತೆ ಬಿಗಿಯಾದ ಬೇರುಗಳು ಐದು ಬೆರಳು ಚಾಚಿದಂತೆ ನಿಂತಿದ್ದವು. ಅದು ಯಾವ ವರ್ಷ ಬಿದ್ದಿತು, ನಿಂತಾಗ ಎಷ್ಟು ದಪ್ಪವಿತ್ತು, ಅದರ ಕೆಳಗೆ ಯಾರ ಆಡುಗಳು ಮಲಗುತ್ತಿದ್ದವು, ಎಲ್ಲವನ್ನೂ ಅವರು ಹೇಳಿದರು. ಒಂದೂವರೆ ಮೊಳದ ಬೇರನ್ನು ಗರಗಸದಿಂದ ಕೊಯ್ದು ಕೊಟ್ಟು, ಹಣವನ್ನು ಮಾತ್ರ ಮುಟ್ಟಲಿಲ್ಲ.

ಮನೆಗೆ ತಂದ ಮೇಲಿನ ಕೆಲಸವು ಅಡಿಗೆಮನೆಯದಾದ್ದರಿಂದ ವಾಚಕಿಯರು ಸ್ವಲ್ಪ ಲಕ್ಷ್ಯಗೊಡಬೇಕು. ಉಳಿದ ತೊಗಟೆಯನ್ನೂ ಮೆತ್ತಗಾದ ಭಾಗವನ್ನೂ ಉಳಿಯಿಂದ ಕೆರೆದು ತೆಗೆಯಬೇಕು. ತೊಗಟೆಯನ್ನು ಬಿಡುವಂತಿಲ್ಲ, ಜಾಲಿಯ ತೊಗಟೆಯ ಒಗರಿನಿಂದಲೇ ನಮ್ಮಲ್ಲಿ ಹಿಂದಿನಿಂದ ತೊಗಲು ಹದಮಾಡುತ್ತ ಬಂದಿರುವರು, ಅಷ್ಟು ತೀಕ್ಷ್ಣವಾದದ್ದು. ಆ ಮೇಲೆ ತೆಂಗಿನ ನಾರಿನಿಂದ ತಿಕ್ಕಬೇಕು. ಸಾಬೂನು, ಸೋಡಾ ಸೋಂಕಬಾರದು. ಅನಂತರ ಕುದಿಸಬೇಕು. ನನ್ನ ಮಗಳು ಬಚ್ಚಲ ಒಲೆಯ ತಾಮ್ರದ ಹಂಡೆಯನ್ನೇ ತೋರಿಸಿದಳು. ಬೇರು ಹಿಡಿಸುವಷ್ಟು ದೊಡ್ಡ ಪಾತ್ರೆ ಮನೆಯಲ್ಲಿ ಅದೊಂದೇ. ಅಲ್ಲಿಯೇ ತಡೆದೆ. ತಾಮ್ರದ ಅತ್ಯಲ್ಪ ಅಂಶವೂ ಮೀನಿನ ಕಿವಿರಿಗೆ ಕೇಡು. ಶಂಖದ ಹುಳುಗಳಿಗಂತೂ ಮೃತ್ಯು. ಒಗರಿನ ಹುಳಿನೀರು ತಾಮ್ರದಲ್ಲಿ ಕುದಿದರೆ ಆ ಅಂಶವು ಕಟ್ಟಿಗೆಯೊಳಗೆ ಇಳಿಯುವದು. ಕಬ್ಬಿಣದ ಕಡಾಯಿಯಲ್ಲಿ ಕುದಿಸಿದರೆ ನೀರು ಕಪ್ಪಾಗುವದು. ಹಿಂದೆ ಅಳಲೆಕಾಯಿ ಅನ್ನಭೇದಿಗಳಿಂದ ನಾವು ಮಸಿ ಮಾಡುತ್ತಿದ್ದ ಪ್ರಕಾರವೇ ಅದು. ಹಳೆಯ ನೇಗಿಲಿನಲ್ಲಿ ಮೊಳೆಯ ಸುತ್ತ ಕಪ್ಪು ಹತ್ತಿರುವದೂ ಇದರಿಂದಲೇ. ಕೊನೆಗೆ ನೆರೆಮನೆಯಿಂದ ಮದುವೆಯ ಅಡಿಗೆಯ ಸ್ಟೀಲ್ ಪಾತ್ರೆ ತಂದು, ಎರಡು ತಾಸು ಕುದಿಸಿ ನೀರು ಚೆಲ್ಲಿ, ಮತ್ತೆ ಎರಡು ತಾಸು ಕುದಿಸಿದೆವು. ಇದರಿಂದ ಹುಳ, ಬೂಷ್ಟು ಸಾಯುವವು; ವಿಷದ ಮರವು ಮಾತ್ರ ಕುದಿಸಿದ್ದರಿಂದ ನಿರ್ವಿಷವಾಗುವದಿಲ್ಲ. ಕಣಗಿಲೆಯನ್ನು ಕುದಿಸಿ ಉಪಯೋಗಿಸುವೆನೆಂದು ಯಾರೂ ಹೊರಡಬಾರದು.

ಆ ನೀರಿನ ಬಣ್ಣವನ್ನು ಕಂಡು ಮನೆಮಂದಿ ಗಾಬರಿಯಾದರು. ಹಾಲಿಲ್ಲದ ಚಹದಂತೆ ಇತ್ತು. ಸಂಸ್ಕೃತದಲ್ಲಿ ‘ಕಷಾಯ’ವೆಂಬ ಒಂದೇ ಶಬ್ದಕ್ಕೆ ಒಗರುರುಚಿ, ಕುದಿಸಿದ ರಸ, ಕಾವಿಯ ಬಣ್ಣ ಎಂಬ ಮೂರು ಅರ್ಥಗಳಿರುವವು. ಮೂರೂ ಅಂದು ನಮ್ಮ ಪಾತ್ರೆಯಲ್ಲಿಯೇ ಇದ್ದವು. ಈ ಒಗರು ಸ್ವಲ್ಪ ಉಳಿದರೆ ಮೀನಿಗೆ ಅಪಾಯವಿಲ್ಲ. ಮಲೆನಾಡಿನ ಮೆತ್ತನೆಯ ನೀರಿನಲ್ಲಾದರೆ ಅದು ನೀರನ್ನು ಹುಳಿಯ ಕಡೆಗೆ ಎಳೆದೀತು, ಅಲ್ಲಿಯವರು ಎಚ್ಚರದಿಂದಿರಬೇಕು. ಮೋರಟಗಿಯ ಬಾವಿಯ ನೀರಾದರೋ ಬೇಳೆ ಬೇಯಲು ಸತಾಯಿಸುವಷ್ಟು ಗಡಸು. ಅದರಲ್ಲಿಯ ಸುಣ್ಣದ ಅಂಶವು ಹುಳಿಯನ್ನು ಅಲ್ಲಲ್ಲಿಯೇ ಶಮನಗೊಳಿಸುವದರಿಂದ ಬಣ್ಣವೊಂದೇ ಉಳಿಯುವದು. ಗಪ್ಪಿ ಮೀನುಗಳಿಗೆ ಗಡಸು ನೀರೇ ಹಿತ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಬಾವಿ ಕುಂಟೆಗಳಲ್ಲಿ ಆರೋಗ್ಯ ಖಾತೆಯವರು ಬಿಡುವದೂ ಅವುಗಳನ್ನೇ.

ನೆನೆಹಾಕಿದ ಬೇರು ಮುಳುಗಲು ಒಪ್ಪಲಿಲ್ಲ. ಒಣಗಿದ ಕಟ್ಟಿಗೆಯ ಸಂದುಗಳಲ್ಲಿ ಗಾಳಿ ತುಂಬಿರುವದರಿಂದ ಅದು ಸಾಮಾನ್ಯವಾಗಿ ಮೊದಲು ತೇಲುವದು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಮೇಲೆ ಕಲ್ಲು ಹೇರಿಟ್ಟರೆ ನಿಧಾನವಾಗಿ ನೀರುಂಡು ತಾನೇ ಕೂಡುವದು. ಅವಸರವುಳ್ಳವರು ಚಪ್ಪಟೆಯ ಕಲ್ಲಿಗೆ ಬಿಗಿಯಬಹುದು. ಆಗ ಕೈಗೆ ಮೊದಲು ಸಿಕ್ಕುವದು ಮನೆಗೆ ಹಾಸಿದ ಶಹಾಬಾದ ಕಲ್ಲಿನ ತುಂಡು. ಅದು ಸುಣ್ಣಗಲ್ಲಿನ ಜಾತಿಯಾದ್ದರಿಂದ ನೀರನ್ನು ಇನ್ನಷ್ಟು ಗಡಸು ಮಾಡಬಲ್ಲದು. ಪರೀಕ್ಷೆಗೆ ಬೇರೇನೂ ಬೇಡ, ಇಂಡಿಯ ಲಿಂಬೆಹಣ್ಣು ಒಂದು ಸಾಕು. ಕಲ್ಲನ್ನು ಮೊಳೆಯಿಂದ ಕೆರೆದು ಆ ಪುಡಿಯ ಮೇಲೆ ನಾಲ್ಕು ಹನಿ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುವವು. ನಮ್ಮ ಸೀಮೆಯ ಕರಿಕಲ್ಲಿನ ಮೇಲೆ ಏಳುವದಿಲ್ಲ. ಹುಡುಗನು ಮನೆಯ ಹಾಸು, ಗುಡಿಯ ಕಟ್ಟೆ, ಬೀಸುವ ಕಲ್ಲು ಎಲ್ಲಕ್ಕೂ ಲಿಂಬೆ ಹಿಂಡುತ್ತ ಹೋಗಿ ತಾಯಿಯಿಂದ ಬೈಸಿಕೊಂಡನು.

ನಾನು ಊರಿಗೆ ಮರಳಿದ ಮೇಲಿನ ಸುದ್ದಿ ದೂರವಾಣಿಯಲ್ಲಿ ತಿಳಿಯುತ್ತಿತ್ತು. ಇಪ್ಪತ್ಮೂರನೆಯ ದಿನ ಬೇರು ತಳಕ್ಕೆ ಕೂತಿತು. ಆ ನೀರನ್ನು ಮೂಸಿ ನೋಡಿ, ದುರ್ಗಂಧ, ನೊರೆ, ಎಣ್ಣೆಯ ಪೊರೆ ಇವೊಂದೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಇಟ್ಟರು. ಎರಡು ಮೀನು ಬಿಟ್ಟು ಪರೀಕ್ಷಿಸಿರೆಂದು ಯಾರೋ ಹೇಳಿದ್ದಕ್ಕೆ ಹುಡುಗನು ಒಪ್ಪಲಿಲ್ಲವಂತೆ. ಜಾವಾ ಫರ್ನ್ ಎಂಬ ಜಲಸಸ್ಯವನ್ನು ವಿಜಯಪುರದಿಂದ ಕಳಿಸಿಕೊಟ್ಟೆ. ಅದರ ಗಡ್ಡೆಯನ್ನು ಮಳಲಿನಲ್ಲಿ ಹೂಳಿದರೆ ಕೊಳೆಯುವದು. ಹತ್ತಿಯ ನೂಲಿನಿಂದ ಕಟ್ಟಿಗೆಗೆ ಕಟ್ಟಬೇಕು. ನೂಲು ಕರಗಿಹೋಗುವ ಹೊತ್ತಿಗೆ ಗಿಡವು ತನ್ನ ಬೇರುಗಳಿಂದಲೇ ಹಿಡಿದುಕೊಂಡಿರುವದು.

ವಾರ ಕಳೆದ ಮೇಲೆ ಬೆಳಗಿನ ಆರು ಗಂಟೆಗೆ ಮೊಮ್ಮಗನ ಕರೆ ಬಂದಿತು. ಬೇರಿನ ಮೇಲೆ ಬಿಳಿಯ ಲೋಳೆ ಹಬ್ಬಿದೆ, ಕಟ್ಟಿಗೆ ಕೆಟ್ಟಿತೇ ಎಂದು ಅವನ ಕಂಠವು ನಡುಗುತ್ತಿತ್ತು. ಹೊಸ ಕಟ್ಟಿಗೆಗೆ ಇದು ಸಹಜ. ಮೇಲ್ಮೈಯಲ್ಲಿ ಅಳಿದುಳಿದ ರಸವನ್ನು ಸೂಕ್ಷ್ಮಜೀವಿಗಳು ಉಣ್ಣುತ್ತಿರುವ ಗುರುತು. ಕೆಲವು ವಾರಗಳಲ್ಲಿ ತಾನಾಗಿ ಹೋಗುವದು. ಬೇಕಾದರೆ ಹಲ್ಲುಜ್ಜುವ ಹೊಸ ಬ್ರಶ್ಶಿನಿಂದ ಒರಸಬಹುದು. ಇಲ್ಲವೆ ಕೆರೆಯ ಶಂಖದ ಹುಳುಗಳನ್ನು ಬಿಡಬೇಕು. ೧೮೫೦ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು ಎರಡು ಹೊಂಬಣ್ಣದ ಮೀನು, ಒಂದು ಜಲಸಸ್ಯಗಳನ್ನು ಪಾತ್ರೆಯಲ್ಲಿಟ್ಟು ಮಾಡಿದ ಪ್ರಯೋಗವನ್ನು ಪ್ರಕಟಿಸಿದನು. ಅವನಿಗೂ ಕೊಳೆತ ಎಲೆಗಳ ಲೋಳೆಯೇ ಕಾಡಿದ್ದು, ಅವನೂ ಶಂಖದ ಹುಳುಗಳನ್ನು ಬಿಟ್ಟೇ ಅದನ್ನು ಗೆದ್ದದ್ದು. ಇಷ್ಟನ್ನು ಕೇಳಿ ಹುಡುಗನು, “ಹುಳ ಎಷ್ಟು ಬಿಡ್ಲಿ, ಮುತ್ಯಾ?” ಎಂದನು. ನಾಲ್ಕು ಸಾಕೆಂದೆ. ಹಳ್ಳದಿಂದ ತರುವದಾದರೆ ಮೊದಲು ಬೇರೆ ಪಾತ್ರೆಯಲ್ಲಿ ಎರಡು ವಾರ ಇಟ್ಟು ನೋಡಬೇಕೆಂದೂ ಹೇಳಿದೆ.